ತನ್ನೊಡಲನ್ನೇ ಒರೆಗಲ್ಲಾಗಿಸಿದ ವಿಜ್ಞಾನಿ: ವಾಲ್ದೆಮಾರ್ ಹಾಫ್ಕಿನ್

ಕಣ್ಣಿಗೆ ಕಾಣುವ ಶತ್ರುವಿನೊಡನೆ ಸೆಣಸಿದ ವೀರರ ಕಥೆಗಳನ್ನು ಇತಿಹಾಸವು ವಿಸ್ತಾರವಾಗಿ ಬರೆದಿಟ್ಟಿದೆ. ಕೋಟೆ ಕಟ್ಟಿದವರ ಹೆಸರೂ ಕೋಟೆ ಕೆಡವಿದವರ ಹೆಸರೂ ನಮ್ಮ ಮಕ್ಕಳಿಗೆ ಬಾಯಿಪಾಠವಾಗಿವೆ. ಆದರೆ ಕಣ್ಣಿಗೆ ಕಾಣದ, ಕೈಗೆ ಸಿಗದ, ಮನೆಯ ಬಾಗಿಲನ್ನು ತಟ್ಟದೆಯೇ ಒಳಹೊಕ್ಕು ತೊಟ್ಟಿಲ ಕೂಸಿನಿಂದ ಮುಪ್ಪಿನ ಹಿರಿಯರವರೆಗೆ ಎಲ್ಲರನ್ನೂ ಕೊಂಡೊಯ್ಯುತ್ತಿದ್ದ ಶತ್ರುವಿನೊಡನೆ ಹೋರಾಡಿದವರನ್ನು ನಾವು ಎಷ್ಟರಮಟ್ಟಿಗೆ ನೆನೆಯುತ್ತೇವೆ? ಮುಂಬಯಿಯ ಪರೇಲಿನಲ್ಲಿ ಹಾಫ್ಕಿನ್ ಸಂಸ್ಥೆ ಎಂಬ ಹೆಸರಿನ ಹಳೆಯ ಸಂಶೋಧನಾಲಯವೊಂದಿದೆ. ಅದರ ಮುಂದಿನ ರಸ್ತೆಯಲ್ಲಿ ನಿತ್ಯವೂ ಸಹಸ್ರಾರು ಜನ ಹಾದುಹೋಗುತ್ತಾರೆ. ಆ ಹೆಸರಿನ ಮನುಷ್ಯನಾರು, ಎಲ್ಲಿಂದ ಬಂದನು, ಈ ನಾಡಿಗೆ ಏನನ್ನು ಕೊಟ್ಟನು, ಈ ನಾಡಿನ ಆಳರಸರಿಂದ ಏನನ್ನು ಪಡೆದನು ಎಂಬುದನ್ನು ಬಲ್ಲವರು ವಿರಳ. ನಮ್ಮ ಹುಬ್ಬಳ್ಳಿ ಧಾರವಾಡದ ಸೀಮೆಗೂ ಆತನ ಔಷಧಕ್ಕೂ ಇರುವ ನಂಟನ್ನು ಬಲ್ಲವರು ಇನ್ನೂ ವಿರಳ. ಆದುದರಿಂದ ಆ ಮಹನೀಯನ ಬದುಕನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವುದು ಉಚಿತವೆನಿಸುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ವಾಲ್ದೆಮಾರ್ ಹಾಫ್ಕಿನ್ ಅವರು 1860ನೆಯ ಇಸವಿ ಮಾರ್ಚ್ 15ರಂದು ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರದಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಜನಿಸಿದರು. ಇಂದು ಯುಕ್ರೇನ್ ದೇಶಕ್ಕೆ ಸೇರಿರುವ ಆ ನಗರವು ಅಂದು ರಷ್ಯಾದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಅವರಿಗೆ ಇಲ್ಯಾ ಮೆಚ್ನಿಕೋವ್ ಅವರಂತಹ ಗುರುಗಳು ದೊರೆತದ್ದು ಪರಮ ಭಾಗ್ಯ. ದೇಹದೊಳಗೆ ಹೊಕ್ಕ ರೋಗಾಣುಗಳನ್ನು ರಕ್ತದ ಬಿಳಿಯ ಕಣಗಳು ನುಂಗಿಹಾಕುತ್ತವೆಂಬುದನ್ನು ತೋರಿಸಿ, ಮುಂದೆ 1908ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ವಿದ್ವಾಂಸರು ಅವರು.

ಯಹೂದಿಗಳ ಮೇಲೆ ಹಿಂಸಾಚಾರಗಳು ನಡೆಯುತ್ತಿದ್ದ ಕಾಲವದು. ತನ್ನ ಜನರ ರಕ್ಷಣೆಗೆಂದು ಮುಂದಾದ ತರುಣ ಹಾಫ್ಕಿನ್ ಸೆರೆಮನೆಯನ್ನೂ ಕಂಡರು. ಗುರುಗಳು ಅವರ ಪರವಾಗಿ ನಿಂತು ಬಿಡಿಸಿದರು. ವಿದ್ಯೆ ಮುಗಿದ ಮೇಲೆ ಯೋಗ್ಯತೆಗೆ ತಕ್ಕ ಅಧ್ಯಾಪಕ ಹುದ್ದೆ ದೊರೆಯಬೇಕಾದರೆ ಹುಟ್ಟಿದ ಧರ್ಮವನ್ನು ಬಿಡಬೇಕೆಂಬ ನಿಬಂಧನೆ ಎದುರಾಯಿತು. ಹಾಫ್ಕಿನ್ ಅದಕ್ಕೆ ಒಪ್ಪಲಿಲ್ಲ. ಒಡೆಸ್ಸಾದ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಸಣ್ಣದೊಂದು ಕೆಲಸ ಮಾಡುತ್ತ, ನೀರಿನಲ್ಲಿ ವಾಸಿಸುವ ಏಕಕೋಶ ಜೀವಿಗಳನ್ನು ಕುರಿತು ಅಭ್ಯಾಸವನ್ನು ಮುಂದುವರಿಸಿದರು. 1888ರಲ್ಲಿ ತಾಯ್ನಾಡನ್ನು ತೊರೆದು ಜಿನೀವಾಕ್ಕೆ ಹೋದರು. ಮರುವರ್ಷ, ಗುರುಗಳು ಆಗಲೇ ನೆಲೆಸಿದ್ದ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಅಲ್ಲಿ ತೆರವಿದ್ದದ್ದು ಗ್ರಂಥಪಾಲಕನ ಹುದ್ದೆ ಮಾತ್ರ. ಹಗಲು ಪುಸ್ತಕಗಳನ್ನು ಜೋಡಿಸಿಟ್ಟು, ಉಳಿದ ವೇಳೆಯನ್ನು ಪ್ರಯೋಗಾಲಯದಲ್ಲಿ ಕಳೆದು, ವಿಶ್ರಾಂತಿಗೆಂದು ಪಿಟೀಲು ನುಡಿಸುತ್ತ ಆ ತರುಣನು ದಿನ ನೂಕಿದನು. ದೊರೆತ ಕೆಲಸವನ್ನು ಕೀಳೆಂದು ಭಾವಿಸದೆ ನಿಷ್ಠೆಯಿಂದ ಮಾಡಿದವನಿಗೆ ದೊಡ್ಡ ಕೆಲಸವು ತಾನಾಗಿಯೇ ಒದಗಿಬರುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಮೊದಲನೆಯ ಸೂಜಿ

ಆ ಕಾಲದಲ್ಲಿ ವಾಂತಿಭೇದಿ, ಅಂದರೆ ಕಾಲರಾ ರೋಗವು, ಏಷ್ಯಾ ಮತ್ತು ಯೂರೋಪು ಖಂಡಗಳಲ್ಲಿ ಮಾರಿಯಂತೆ ಸುತ್ತುತ್ತಿತ್ತು. ಅದಕ್ಕೆ ಕಾರಣವಾದ ಅಣುಜೀವಿಯನ್ನು ಜರ್ಮನಿಯ ರಾಬರ್ಟ್ ಕಾಖ್ ಅವರು ಗುರುತಿಸಿದ್ದರು. ರೋಗಾಣುವನ್ನೇ ದುರ್ಬಲಗೊಳಿಸಿ ದೇಹಕ್ಕೆ ಸೇರಿಸಿದರೆ, ದೇಹವು ಆ ಶತ್ರುವಿನ ಗುರುತು ಹಿಡಿದು ಮುಂದಿನ ದಾಳಿಗೆ ಸನ್ನದ್ಧವಾಗುತ್ತದೆ ಎಂಬುದು ಪಾಶ್ಚರ್ ಅವರು ತೋರಿದ ಹಾದಿ. ಹಾಫ್ಕಿನ್ ಅದನ್ನು ಕಾಲರಾಕ್ಕೆ ಅನ್ವಯಿಸಿದರು. ಉಷ್ಣ ಮತ್ತು ಗಾಳಿಯ ಪ್ರವಾಹಕ್ಕೆ ಒಡ್ಡಿ ಶಕ್ತಿಗುಂದಿಸಿದ ಅಣುಜೀವಿಗಳದು ಮೊದಲ ಚುಚ್ಚುಮದ್ದು. ಪ್ರಾಣಿಯಿಂದ ಪ್ರಾಣಿಗೆ ದಾಟಿಸಿ ಶಕ್ತಿ ಹೆಚ್ಚಿಸಿದ ಅಣುಜೀವಿಗಳದು ಕೆಲವು ದಿನಗಳ ನಂತರದ ಎರಡನೆಯ ಚುಚ್ಚುಮದ್ದು. ಮೊದಲನೆಯದು ದೇಹವನ್ನು ಎಚ್ಚರಿಸುವುದು. ಎರಡನೆಯದು ಅದನ್ನು ಗಟ್ಟಿಗೊಳಿಸುವುದು.

ಪ್ರಾಣಿಗಳಲ್ಲಿ ಈ ಔಷಧ ಫಲ ನೀಡಿತು. ಮನುಷ್ಯನಲ್ಲಿ? ಈ ಪ್ರಶ್ನೆಗೆ ಉತ್ತರ ಹುಡುಕಲು ಹಾಫ್ಕಿನ್ ಬಡವನೊಬ್ಬನನ್ನಾಗಲಿ ಸೆರೆಯಾಳೊಬ್ಬನನ್ನಾಗಲಿ ಅರಸಿ ಹೋಗಲಿಲ್ಲ. 1892ರ ಜುಲೈ 18ರಂದು ತಮ್ಮ ದೇಹಕ್ಕೇ ಆ ಮದ್ದನ್ನು ಚುಚ್ಚಿಸಿಕೊಂಡರು. ಜ್ವರ ಬಂದಿತು, ನೋವು ಕಾಣಿಸಿತು, ಕೆಲವೇ ದಿನಗಳಲ್ಲಿ ಎಲ್ಲವೂ ಶಮನವಾಯಿತು. ಆಗ ಅವರಿಗೆ 32 ವರ್ಷ. ತನಗೆ ಆಗಬಹುದಾದ ಅಪಾಯವನ್ನು ಮೊದಲು ತಾನು ಉಂಡು, ಬಳಿಕ ಲೋಕಕ್ಕೆ ಅಮೃತವನ್ನು ಬಡಿಸಬೇಕೆಂಬ ಈ ನಿಯಮವನ್ನು ಅವರು ಮುಂದೆಯೂ ಬಿಡಲಿಲ್ಲ.

ಭಾರತದಲ್ಲಿ

ಕಾಲರಾದ ತವರೆನಿಸಿದ್ದ ಭಾರತದಲ್ಲಿಯೇ ತಮ್ಮ ಔಷಧದ ಪರೀಕ್ಷೆಯಾಗಬೇಕೆಂದು ಅವರು ಬಯಸಿದರು. 1893ರ ವಸಂತದಲ್ಲಿ ಕಲಕತ್ತೆಗೆ ಬಂದಿಳಿದು, ಆಗ್ರಾದಿಂದ ಆರಂಭಿಸಿ ಉತ್ತರ ಭಾರತದ ಊರೂರುಗಳಲ್ಲಿ ಸಂಚರಿಸಿದರು. ಜನ ಅನುಮಾನಿಸಿದರು, ಕೆಲವೆಡೆ ಕಲ್ಲುಗಳೂ ಬಿದ್ದವು. ವೈದ್ಯ ಪದವಿಯಿಲ್ಲದ ಈ ಪ್ರಾಣಿಶಾಸ್ತ್ರಜ್ಞನನ್ನು ಸರಕಾರದ ವೈದ್ಯಾಧಿಕಾರಿಗಳಲ್ಲಿ ಅನೇಕರು ಹಗುರವಾಗಿ ಕಂಡರು. 1894ರಲ್ಲಿ ಕಲಕತ್ತೆಯ ಕೊಳೆಗೇರಿಯೊಂದರಲ್ಲಿ ಕಾಲರಾ ಕಾಣಿಸಿಕೊಂಡಾಗ, ಜನರ ಕಣ್ಣೆದುರಿಗೇ ಮೊದಲು ತಾವೂ ತಮ್ಮ ಭಾರತೀಯ ಸಹೋದ್ಯೋಗಿ ವೈದ್ಯರೂ ಚುಚ್ಚುಮದ್ದು ಪಡೆದರು. ಆಮೇಲೆ ಅಲ್ಲಿಯ ಸುಮಾರು 200 ನಿವಾಸಿಗಳಲ್ಲಿ 116 ಮಂದಿ ತೋಳು ಮುಂದೊಡ್ಡಿದರು. ಆ ಬಳಿಕ ಅಲ್ಲಿ ರೋಗಕ್ಕೆ ತುತ್ತಾದವರೆಲ್ಲರೂ ಚುಚ್ಚುಮದ್ದು ಪಡೆಯದೆ ಉಳಿದವರೇ. ಎರಡೂವರೆ ವರ್ಷಗಳ ಅವಧಿಯಲ್ಲಿ ಅವರು 40,000ಕ್ಕೂ ಹೆಚ್ಚು ಜನರಿಗೆ ಚುಚ್ಚುಮದ್ದನ್ನು ನೀಡಿದರು. ಮಲೇರಿಯಾದಿಂದ ದೇಹ ಜರ್ಜರಿತವಾಗಲು, 1895ರಲ್ಲಿ ಇಂಗ್ಲೆಂಡಿಗೆ ಹಿಂದಿರುಗಬೇಕಾಯಿತು. ಚೇತರಿಸಿಕೊಂಡೊಡನೆ 1896ರಲ್ಲಿ ಮತ್ತೆ ಭಾರತಕ್ಕೆ ಬಂದರು.

ಮುಂಬಯಿಯ ಮಹಾಮಾರಿ

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಬಂದರಿನ ಸುತ್ತಣ ಗೋದಾಮುಗಳಲ್ಲಿ ಪ್ಲೇಗು ಕಾಣಿಸಿಕೊಂಡಿತು. ನಮ್ಮ ಹಿರಿಯರು ಗಂಟುಬೇನೆಯೆಂದು ಕರೆದು, ಹೆಸರು ಹೇಳಲೂ ಅಂಜುತ್ತಿದ್ದ ರೋಗವಿದು. ಕಂಕುಳು ತೊಡೆಸಂದುಗಳಲ್ಲಿ ಗಡ್ಡೆ, ಉರಿಯುವ ಜ್ವರ, ಕೆಲವೇ ದಿನಗಳಲ್ಲಿ ಸಾವು. ಲಕ್ಷಾಂತರ ಜನ ಪಟ್ಟಣ ಬಿಟ್ಟು ಓಡಿದರು. ಅವರೊಡನೆ ರೋಗವೂ ರೈಲು ಹತ್ತಿತು. ಇದರ ಅಣುಜೀವಿಯನ್ನು ಕೇವಲ ಎರಡು ವರ್ಷಗಳ ಹಿಂದೆ, 1894ರಲ್ಲಿ, ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಅವರು ಗುರುತಿಸಿದ್ದರು. ಇಲಿಯ ಮೈಮೇಲಿನ ಚಿಗಟವೇ ಅದನ್ನು ಹರಡುವ ವಾಹಕವೆಂಬುದನ್ನು ಸಿಮೋಂ ಎಂಬ ಫ್ರೆಂಚ್ ವೈದ್ಯರು ತೋರಿಸಿಕೊಟ್ಟದ್ದು 1898ರಲ್ಲಿ. ಅಂದರೆ 1896ರಲ್ಲಿ ರೋಗ ಹೇಗೆ ಹರಡುತ್ತದೆಂಬುದೇ ತಿಳಿದಿರಲಿಲ್ಲ. ತಡೆಯುವುದು ದೂರದ ಮಾತು.

ಸರಕಾರದ ಕರೆಗೆ ಓಗೊಟ್ಟು ಅಕ್ಟೋಬರಿನಲ್ಲಿ ಮುಂಬಯಿಗೆ ಬಂದ ಹಾಫ್ಕಿನ್ ಅವರಿಗೆ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ದೊರೆತದ್ದು ಒಂದು ಕೋಣೆ ಮತ್ತು ಒಂದು ಓಣಿ. ಸಹಾಯಕರು ಬೆರಳೆಣಿಕೆಯಷ್ಟು. ಅಷ್ಟರಲ್ಲಿಯೇ ಅವರು ಮೂರು ತಿಂಗಳು ಅವಿಶ್ರಾಂತವಾಗಿ ದುಡಿದರು. ಔಷಧ ತಯಾರಿಸಿದ ಬಗೆ ಕುತೂಹಲಕರವಾದುದು. ಅಣುಜೀವಿಗಳಿಗೆ ಆಹಾರವಾಗಿ ಯೂರೋಪಿನಲ್ಲಿ ದನದ ಮಾಂಸದ ಸಾರನ್ನು ಬಳಸುವುದು ರೂಢಿ. ಈ ನಾಡಿನ ಜನರ ಶ್ರದ್ಧೆಗೆ ನೋವಾಗಬಾರದೆಂದು ಅವರು ಅದನ್ನು ಬಿಟ್ಟು ಮೇಕೆಯ ಮಾಂಸದ ಸಾರನ್ನು ಆರಿಸಿಕೊಂಡರು. ಆ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟಾಗ, ಅಣುಜೀವಿಗಳು ತುಪ್ಪಕ್ಕೆ ಅಂಟಿಕೊಂಡು, ಗವಿಯ ಚಾವಣಿಯಿಂದ ಸುಣ್ಣಕಲ್ಲಿನ ಕೋಲುಗಳು ಇಳಿಬೀಳುವಂತೆ, ಸೀಸೆಯೊಳಗೆ ಕೆಳಮುಖವಾಗಿ ಬೆಳೆದವು. ಸೀಸೆಯನ್ನು ಅಲುಗಾಡಿಸಿದರೆ ಅವು ತಳಕ್ಕೆ ಬಿದ್ದು, ಮೇಲೆ ಹೊಸ ಬೆಳೆ ಆರಂಭವಾಗುವುದು. ಹೀಗೆ ವಾರಗಟ್ಟಲೆ ಬೆಳೆಸಿದ ಅಣುಜೀವಿಗಳನ್ನು ಸುಮಾರು 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಗಂಟೆ ಕಾಯಿಸಿ ಕೊಂದು, ಅದಕ್ಕೆ ಸ್ವಲ್ಪ ಕಾರ್ಬಾಲಿಕ್ ಆಮ್ಲವನ್ನು ಸೇರಿಸಿದರೆ ಔಷಧ ಸಿದ್ಧ. ಜೀವಂತ ಶತ್ರುವನ್ನಲ್ಲ, ಸತ್ತ ಶತ್ರುವನ್ನು ದೇಹಕ್ಕೆ ತೋರಿಸಿ ಯುದ್ಧ ಕಲಿಸುವ ವಿಧಾನವಿದು.

1897ರ ಜನವರಿ 10ರಂದು ಹಾಫ್ಕಿನ್ ಮತ್ತೊಮ್ಮೆ ತಮ್ಮ ದೇಹವನ್ನೇ ಒಡ್ಡಿದರು. ಈ ಸಲ ಚುಚ್ಚಿಸಿಕೊಂಡದ್ದು 10 ಘನ ಸೆಂಟಿಮೀಟರು. ಮುಂದೆ ಸಾಮಾನ್ಯ ಜನರಿಗೆ ನಿಗದಿಪಡಿಸಿದ ಪ್ರಮಾಣಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಜ್ವರವೇರಿತು, ಚುಚ್ಚಿದ ಜಾಗ ತೀವ್ರವಾಗಿ ನೋಯಿತು, ಆದರೆ ಅವರು ಕೆಲಸ ನಿಲ್ಲಿಸಲಿಲ್ಲ. ಅದೇ ತಿಂಗಳ ಕೊನೆಗೆ ಬೈಕುಲಾದ ಸೆರೆಮನೆಯಲ್ಲಿ ಪ್ಲೇಗು ಹೊಕ್ಕಾಗ, ಅಲ್ಲಿಯ ಬಂದಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ ಸ್ವಇಚ್ಛೆಯಿಂದ ಚುಚ್ಚುಮದ್ದು ಪಡೆದರು. ಮುಂದಿನ ದಿನಗಳಲ್ಲಿ ಪಡೆಯದವರಲ್ಲಿ 12 ಜನ ರೋಗಕ್ಕೆ ತುತ್ತಾಗಿ 6 ಜನ ಮೃತರಾದರು. ಪಡೆದವರಲ್ಲಿ ಇಬ್ಬರಿಗೆ ರೋಗ ತಗುಲಿದರೂ ಒಬ್ಬರೂ ಸಾಯಲಿಲ್ಲ.

ಒಂದೇ ಮನೆಯ ಎರಡು ಭಾಗ

1898ರ ಫೆಬ್ರವರಿಯಲ್ಲಿ ಬರೋಡಾ ಸಂಸ್ಥಾನದ ಉಂಧೇರಾ ಎಂಬ ಸಣ್ಣ ಹಳ್ಳಿಯಲ್ಲಿ ಹೆಚ್ಚು ಕಠಿಣವಾದ ಪರೀಕ್ಷೆಯೊಂದು ನಡೆಯಿತು. ಹಳ್ಳಿಯ ಜನಸಂಖ್ಯೆ ಸಾವಿರದಷ್ಟು. ಕುಟುಂಬ ಕುಟುಂಬವಾಗಿ ಜನರನ್ನು ಕರೆದು, ಪ್ರತಿ ಮನೆಯಲ್ಲಿಯೂ ವಯಸ್ಸು ಆರೋಗ್ಯಗಳಲ್ಲಿ ಸರಿಸಮವಾಗುವಂತೆ ಅರ್ಧದಷ್ಟು ಮಂದಿಗೆ ಚುಚ್ಚುಮದ್ದು ನೀಡಿ, ಉಳಿದರ್ಧವನ್ನು ಹಾಗೆಯೇ ಬಿಡಲಾಯಿತು. ಒಂದೇ ಸೂರು, ಒಂದೇ ಒಲೆ, ಒಂದೇ ಬಾವಿಯ ನೀರು. ವ್ಯತ್ಯಾಸವಿದ್ದದ್ದು ಸೂಜಿಯಲ್ಲಿ ಮಾತ್ರ. ಅನಂತರ ರೋಗವು 28 ಮನೆಗಳನ್ನು ಹೊಕ್ಕಿತು. ಆ ಮನೆಗಳಲ್ಲಿ ಚುಚ್ಚುಮದ್ದು ಪಡೆಯದಿದ್ದ 64 ಜನರಲ್ಲಿ 26 ಜನ ಅಸುನೀಗಿದರು. ಪಡೆದಿದ್ದ 71 ಜನರಲ್ಲಿ ಅಸುನೀಗಿದವರು ಮೂವರು.

ಈ ಅಂಕಿಗಳನ್ನು ಓದುವುದು ಸುಲಭ. ಅವುಗಳ ಹಿಂದಿನ ಅಂಗಳವನ್ನು ಊಹಿಸುವುದು ಕಷ್ಟ. ಅಣ್ಣನಿಗೆ ಮದ್ದು ದೊರೆತು ತಮ್ಮನಿಗೆ ದೊರೆಯದ ಮನೆಯಲ್ಲಿ ತಾಯಿಯ ಮನಸ್ಸು ಹೇಗಿದ್ದೀತು? ಇಂದಿನ ವೈದ್ಯಕೀಯ ನೀತಿಯು ಹೀಗೆ ಅರ್ಧದಷ್ಟು ಜನರನ್ನು ಅವರ ತಿಳಿವಳಿಕೆ ಒಪ್ಪಿಗೆಗಳಿಲ್ಲದೆ ರಕ್ಷಣೆಯಿಂದ ಹೊರಗಿಡಲು ಸಮ್ಮತಿಸದು. ಆದರೆ ಅಂದು ಆ ಔಷಧವು ನಿಜವಾಗಿಯೂ ಕಾಯುವುದೆಂದು ಖಚಿತವಾಗಿ ಹೇಳಬಲ್ಲವರು ಯಾರೂ ಇರಲಿಲ್ಲ. ಉಂಧೇರಾದ ಆ 26 ಸಾವುಗಳೇ ಮುಂದೆ ಅಸಂಖ್ಯಾತ ಮನೆಗಳಿಗೆ ಸಾಕ್ಷಿ ನುಡಿದವು. ಈ ಋಣವನ್ನು ಮರೆಯುವುದು ತರವಲ್ಲ.

ಹುಬ್ಬಳ್ಳಿಯ ನೆಲದಲ್ಲಿ

ಇಷ್ಟರಲ್ಲಿ ಪ್ಲೇಗು ರೈಲುಮಾರ್ಗವನ್ನು ಹಿಡಿದು, ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡ ಜಿಲ್ಲೆಯನ್ನು ಮುಟ್ಟಿತ್ತು. ಹತ್ತಿಯ ಪೇಟೆಯೂ ರೈಲ್ವೆ ಕಾರ್ಯಾಗಾರವೂ ಇದ್ದ ಹುಬ್ಬಳ್ಳಿ, ಸುಮಾರು 50,000 ಜನರಿದ್ದ ಊರು, ತತ್ತರಿಸಿತು. ಅದಕ್ಕೂ ಮಿಗಿಲಾಗಿ ಜನರನ್ನು ಕಂಗೆಡಿಸಿದ್ದು ಸರಕಾರದ ಕ್ರಮಗಳು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಅಧಿಕಾರಿಗಳು ಮನೆಗಳನ್ನು ಹೊಕ್ಕು ಶೋಧಿಸುತ್ತಿದ್ದರು. ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೂ ಮನೆಮಂದಿಯನ್ನು ಶಿಬಿರಕ್ಕೂ ಸಾಗಿಸುತ್ತಿದ್ದರು. ಪುಣೆಯಲ್ಲಿ ಇಂತಹ ದಬ್ಬಾಳಿಕೆಯಿಂದ ರೊಚ್ಚಿಗೆದ್ದ ಚಾಫೇಕರ ಸಹೋದರರು 1897ರ ಜೂನ್ 22ರಂದು ಪ್ಲೇಗು ಅಧಿಕಾರಿ ರ‍್ಯಾಂಡನನ್ನು ಗುಂಡಿಟ್ಟದ್ದು ಇತಿಹಾಸಪ್ರಸಿದ್ಧ. ರೋಗಕ್ಕೆ ಅಂಜಬೇಕೋ ಸರಕಾರಕ್ಕೆ ಅಂಜಬೇಕೋ ತಿಳಿಯದ ಸ್ಥಿತಿ ಜನರದಾಗಿತ್ತು.

ಇಂತಿರಲು 1898ರ ಮೇ ತಿಂಗಳಿನಿಂದ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಹಾಫ್ಕಿನ್ನರ ಚುಚ್ಚುಮದ್ದಿನ ಕಾರ್ಯ ಆರಂಭವಾಯಿತು. ಚುಚ್ಚುಮದ್ದು ಪಡೆದವರಿಗೆ ಪ್ರಮಾಣಪತ್ರ ದೊರೆಯುತ್ತಿತ್ತು. ಅದು ಕೈಯಲ್ಲಿದ್ದರೆ ಶಿಬಿರವಾಸ ಮೊದಲಾದ ನಿರ್ಬಂಧಗಳು ಸಡಿಲವಾಗುತ್ತಿದ್ದವು. ಜನ ಮುಂದೆ ಬಂದುದಕ್ಕೆ ಈ ಅನುಕೂಲವೂ ಒಂದು ಕಾರಣವೆಂಬುದನ್ನು ಮರೆಮಾಚಬೇಕಿಲ್ಲ. ಆದರೆ ವಾರ ವಾರ ಕಳೆದಂತೆ ನೆರೆಮನೆಯ ಅನುಭವವೇ ದೊಡ್ಡ ಪ್ರಮಾಣಪತ್ರವಾಯಿತು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಊರಿನ 30,000ಕ್ಕೂ ಹೆಚ್ಚು ಜನ, ಅವರಲ್ಲಿ ಅನೇಕರು ಎರಡು ಬಾರಿ, ಚುಚ್ಚುಮದ್ದು ಪಡೆದಿದ್ದರು. ಪ್ರತಿ ವಾರವೂ ಪಡೆದವರೆಷ್ಟು, ಉಳಿದವರೆಷ್ಟು, ಎರಡೂ ಗುಂಪುಗಳಲ್ಲಿ ಸತ್ತವರೆಷ್ಟು ಎಂಬ ಲೆಕ್ಕವನ್ನು ಬರೆದಿಡಲಾಯಿತು. ಪಡೆಯದವರ ಸಂಖ್ಯೆ ಕುಗ್ಗುತ್ತ ಹೋದರೂ ಸಾವುಗಳು ಆ ಸಣ್ಣ ಗುಂಪಿನಲ್ಲಿಯೇ ಹೆಚ್ಚಾಗಿದ್ದವು. ಸರಕಾರ ನೇಮಿಸಿದ ಪ್ಲೇಗು ಆಯೋಗವು ಈ ಲೆಕ್ಕಗಳಲ್ಲಿ ಕೆಲವು ಕೊರತೆಗಳನ್ನು ಎತ್ತಿ ತೋರಿಸಿತಾದರೂ, ಚುಚ್ಚುಮದ್ದು ರೋಗವನ್ನೂ ಸಾವನ್ನೂ ತಗ್ಗಿಸುತ್ತದೆಂಬುದನ್ನು ಒಪ್ಪಿತು. 1899ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ವಿದ್ವತ್‌ಸಭೆಯ ಮುಂದೆ ಹಾಫ್ಕಿನ್ ತಮ್ಮ ಕಾರ್ಯವನ್ನು ಮಂಡಿಸಿದಾಗ, ನಮ್ಮ ಹುಬ್ಬಳ್ಳಿಯ ಹೆಸರೂ ಅಲ್ಲಿ ಕೇಳಿಬಂದಿತು.

1898ರ ಆಗಸ್ಟಿನಲ್ಲಿ ಬೆಂಗಳೂರನ್ನೂ ಪ್ಲೇಗು ಹೊಕ್ಕಿತು. ಇಲಿ ಬಿದ್ದಿತೆಂದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವನ್ನು ನಮ್ಮ ಅಜ್ಜ ಅಜ್ಜಿಯರ ಪೀಳಿಗೆ ಕಂಡಿದೆ. ಅಲ್ಲಲ್ಲಿ ಉಳಿದಿರುವ ಪ್ಲೇಗಮ್ಮನ ಗುಡಿಗಳು ಆ ಭೀತಿಯ ಸ್ಮಾರಕಗಳು. ಜನರ ಭಕ್ತಿಯೊಡನೆ ವಿಜ್ಞಾನಿಯೊಬ್ಬನ ಸೀಸೆಯೂ ಆ ದಿನಗಳಲ್ಲಿ ದುಡಿಯುತ್ತಿತ್ತೆಂಬುದನ್ನು ನಾವು ಅರಿತಿರಬೇಕು.

ಕೀರ್ತಿಯ ನೆತ್ತಿಯಿಂದ ಅಪವಾದದ ಕಮರಿಗೆ

1897ರಲ್ಲಿ ಬ್ರಿಟಿಷ್ ಸರಕಾರವು ಹಾಫ್ಕಿನ್ ಅವರಿಗೆ ಬಿರುದನ್ನಿತ್ತು ಗೌರವಿಸಿತು. ತರುಣ ಆಗಾ ಖಾನರು ತಮ್ಮ ಅನುಯಾಯಿಗಳ ಎದುರಿಗೆ ತಾವೇ ಚುಚ್ಚುಮದ್ದು ಪಡೆದು, ಪ್ರಯೋಗಾಲಯಕ್ಕೆ ತಮ್ಮದೊಂದು ಭವನವನ್ನೂ ಬಿಟ್ಟುಕೊಟ್ಟರು. 1899ರ ಆಗಸ್ಟಿನಲ್ಲಿ ಪ್ರಯೋಗಾಲಯವು ಪರೇಲಿನ ಹಳೆಯ ರಾಜಭವನಕ್ಕೆ ಸ್ಥಳಾಂತರಗೊಂಡಿತು. ಒಂದು ಕೋಣೆ ಒಂದು ಓಣಿಯಿಂದ ಅರಮನೆಯವರೆಗಿನ ಈ ಏರುದಾರಿಗೆ ಮೂರು ವರ್ಷಗಳೂ ಬೇಕಾಗಲಿಲ್ಲ. ಆದರೆ ಇಳಿಯುವ ದಾರಿ ಇನ್ನೂ ಕ್ಷಿಪ್ರವಾಗಿತ್ತು.

1902ರ ಅಕ್ಟೋಬರ್ 30ರಂದು, ಇಂದು ಪಾಕಿಸ್ತಾನದಲ್ಲಿರುವ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಚುಚ್ಚುಮದ್ದು ನೀಡಲಾಯಿತು. ಸುಮಾರು ಒಂದು ವಾರದ ನಂತರ ಅವರಲ್ಲಿ 19 ಜನರಿಗೆ ಧನುರ್ವಾಯು ತಗುಲಿತು, ಎಲ್ಲರೂ ಮೃತರಾದರು. ಆ ದಿನ ಐದು ಸೀಸೆಗಳನ್ನು ತೆರೆಯಲಾಗಿತ್ತು. ಸತ್ತ ಎಲ್ಲರಿಗೂ ಮದ್ದು ಹೋದದ್ದು ಒಂದೇ ಸೀಸೆಯಿಂದ. ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಬೇಗನೆ ತಯಾರಿಸಲೆಂದು ಹಾಫ್ಕಿನ್ ಅವರು ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು, ಶಾಖವನ್ನು ಮಾತ್ರ ನೆಚ್ಚಿದ್ದರು. ವಿಚಾರಣಾ ಆಯೋಗವು ಇದನ್ನೇ ಹಿಡಿದು, ಕಲ್ಮಶವು ಮುಂಬಯಿಯ ಪ್ರಯೋಗಾಲಯದಲ್ಲಿಯೇ ಸೇರಿರಬೇಕೆಂದು ತೀರ್ಮಾನಿಸಿತು. ಯಾವ ಕೈ ಲಕ್ಷಾಂತರ ಜನರಿಗೆ ಜೀವದಾನ ಮಾಡಿತ್ತೋ ಆ ಕೈಗೆ ಕೊಲೆಯ ಕಲೆ ಅಂಟಿತು. ನಿರ್ದೇಶಕ ಸ್ಥಾನದಿಂದ ಅವರನ್ನು ದೂರ ಮಾಡಲಾಯಿತು.

ವಾಸ್ತವವಾಗಿ ಸತ್ಯವು ಆ ವಿಚಾರಣೆಯ ಕಾಗದಪತ್ರಗಳಲ್ಲಿಯೇ ಅಡಗಿತ್ತು. ಮುಲ್ಕೋವಾಲಿನಲ್ಲಿ ಆ ಸೀಸೆಯ ಬಿರಡೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಕುದಿಸಿ ಶುದ್ಧಗೊಳಿಸದೆ, ಕ್ರಿಮಿನಾಶಕದಲ್ಲಿ ಸುಮ್ಮನೆ ಅದ್ದಿ ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ಬೀಜಾಣುಗಳ ನೆಲೆಯೇ ಮಣ್ಣು. ಇನ್ನೂ ಒಂದು ಮಾತು: ಸೀಸೆ ಮುಂಬಯಿಯಲ್ಲಿ ಮುಚ್ಚಿ ಆಗಲೇ 41 ದಿನಗಳಾಗಿದ್ದವು. ಅಂದೇ ಕಲ್ಮಶ ಸೇರಿದ್ದರೆ ಅಷ್ಟು ದಿನಗಳಲ್ಲಿ ಅದು ಬೆಳೆದು ತೀಕ್ಷ್ಣವಾದ ದುರ್ನಾತ ಬೀರಬೇಕಿತ್ತು. ಬಳಸುವ ಮುನ್ನ ಮೂಸಿ ನೋಡಿದ ವೈದ್ಯರಿಗೆ ಯಾವ ವಾಸನೆಯೂ ಬಂದಿರಲಿಲ್ಲ. ಆದುದರಿಂದ ಕಲ್ಮಶ ಸೇರಿದ್ದು ಸೀಸೆ ತೆರೆದ ಗಳಿಗೆಯಲ್ಲಿಯೇ ಎಂಬುದು ತರ್ಕಕ್ಕೆ ಸ್ಪಷ್ಟ. ಆದರೆ ಆ ಕಾಗದಗಳು ಬೆಳಕು ಕಾಣುವುದಕ್ಕೇ ವರ್ಷಗಳು ಬೇಕಾದವು.

ಸತ್ಯದ ಪರವಾಗಿ ಧ್ವನಿಯೆತ್ತಿದವರಲ್ಲಿ ಪ್ರಮುಖರು ರೊನಾಲ್ಡ್ ರಾಸ್. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂಬುದನ್ನು ಸಿಕಂದರಾಬಾದಿನಲ್ಲಿ ಕಂಡುಹಿಡಿದು 1902ರಲ್ಲಿ ನೊಬೆಲ್ ಪಡೆದ, ಅದಕ್ಕೂ ಮುನ್ನ ನಮ್ಮ ಬೆಂಗಳೂರಿನಲ್ಲಿ ಕಾಲರಾ ನಿವಾರಣೆಯ ಕೆಲಸ ಮಾಡಿದ್ದ ವೈದ್ಯರು ಅವರು. 1907ರ ಜುಲೈ 29ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ರಾಸ್ ಮತ್ತು ಇತರ ವಿಜ್ಞಾನಿಗಳು ಸಹಿ ಮಾಡಿದ ಪತ್ರ ಪ್ರಕಟವಾಯಿತು. ಹಾಫ್ಕಿನ್ ಅವರ ಮೇಲಿನ ಆರೋಪಕ್ಕೆ ಆಧಾರವಿಲ್ಲವೆಂಬುದನ್ನು ಅದು ಲೋಕಕ್ಕೆ ಸಾರಿತು. ಸರಕಾರ ಅವರನ್ನು ಮತ್ತೆ ಸೇವೆಗೆ ಕರೆಯಿತು.

ಕೊನೆಯ ದಿನಗಳು

ಅವರು ಹಿಂದಿರುಗಿ ಬಂದರು. ಆದರೆ ತಾವು ಕಟ್ಟಿದ ಪರೇಲಿನ ಪ್ರಯೋಗಾಲಯಕ್ಕಲ್ಲ. ಅಲ್ಲಿ ಬೇರೊಬ್ಬರು ನಿರ್ದೇಶಕರಾಗಿದ್ದರು. ಕಲಕತ್ತೆಯ ಪ್ರಯೋಗಾಲಯವೊಂದರಲ್ಲಿ ಅವರಿಗೆ ಸ್ಥಾನ ದೊರೆಯಿತು. ಜನರ ನಡುವೆ ಪರೀಕ್ಷೆಗಳನ್ನು ನಡೆಸುವ ಅವಕಾಶ ಮತ್ತೆ ಸಿಗಲಿಲ್ಲ. 1914ರಲ್ಲಿ ನಿವೃತ್ತರಾಗಿ ಯೂರೋಪಿಗೆ ಮರಳಿದರು. ವಿವಾಹವಾಗದೆ, ತಮ್ಮ ಧರ್ಮದ ಆಚರಣೆಗಳಲ್ಲಿ ನಿಷ್ಠರಾಗಿ ಬದುಕಿದ ಅವರು ಗಳಿಸಿದ ಸಂಪತ್ತನ್ನು ತಮ್ಮ ಸಮುದಾಯದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೀಸಲಿಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೌಸಾನ್ ನಗರದಲ್ಲಿ ಕಾಲವಶರಾದರು.

ಅವರ ಔಷಧವು ಪರಿಪೂರ್ಣವಾಗಿರಲಿಲ್ಲ. ಅದರ ರಕ್ಷಣೆ ಕೆಲವು ತಿಂಗಳುಗಳದು. ಜ್ವರ ನೋವುಗಳು ತಪ್ಪುತ್ತಿರಲಿಲ್ಲ. ಇಂದು ಪ್ಲೇಗಿಗೆ ಪ್ರತಿಜೈವಿಕ ಔಷಧಗಳ ಚಿಕಿತ್ಸೆಯಿದೆ. ಆದರೆ ಬೇರೇನೂ ಇಲ್ಲದ ಕಾಲದಲ್ಲಿ, 1897ರಿಂದ 1925ರವರೆಗೆ, ಮುಂಬಯಿಯಿಂದ ಹೊರಟ ಅವರ ಔಷಧದ ಪ್ರಮಾಣ 2 ಕೋಟಿ 60 ಲಕ್ಷ ಚುಚ್ಚುಮದ್ದುಗಳಷ್ಟು. 1925ರಲ್ಲಿ ಪರೇಲಿನ ಸಂಸ್ಥೆಗೆ ಅವರ ಹೆಸರನ್ನಿಡಲಾಯಿತು. ಸ್ವತಂತ್ರ ಭಾರತದ ಅಂಚೆ ಇಲಾಖೆ 1964ರಲ್ಲಿ ಅವರ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು.

ಹಾಫ್ಕಿನ್ನರ ಬಾಳಿನಿಂದ ನಾವು ಕಲಿಯಬೇಕಾದುದು ಎರಡು. ಜನರ ವಿಶ್ವಾಸವನ್ನು ಆಜ್ಞೆಯಿಂದ ಪಡೆಯಲಾಗದು. ನಡೆಯಿಂದ ಮಾತ್ರ ಪಡೆಯಬಹುದು. ಸರಕಾರದ ಸಿಪಾಯಿಗಳು ಬಾಗಿಲು ಮುರಿದರೂ ತೆರೆಯದ ಮನಸ್ಸುಗಳು, ತನ್ನ ಮೈಗೆ ಮೊದಲು ಸೂಜಿ ಚುಚ್ಚಿಸಿಕೊಂಡವನ ಮುಂದೆ ತೆರೆದುಕೊಂಡವು. 2021ರಲ್ಲಿ ಕೋವಿಡ್ ಲಸಿಕೆಯ ಸರದಿಯಲ್ಲಿ ನಿಂತಾಗ ನಮ್ಮಲ್ಲಿ ಎಷ್ಟು ಜನ, ಮೊದಲು ಯಾರು ಹಾಕಿಸಿಕೊಂಡರೆಂದು ನೋಡಿ ಧೈರ್ಯ ತಂದುಕೊಳ್ಳಲಿಲ್ಲ! ಎರಡನೆಯದು: ದುರಂತವೊಂದು ಘಟಿಸಿದಾಗ ದುಃಖಕ್ಕಿಂತ ಮೊದಲು ದೂಷಣೆ ಓಡಿಬರುತ್ತದೆ. ಸತ್ತ 19 ಜನರಿಗೂ ನ್ಯಾಯವಾಗಬೇಕಾದರೆ, ಚಿಮಟ ಬಿದ್ದ ಆ ಒಂದು ಗಳಿಗೆಯನ್ನು ತಾಳ್ಮೆಯಿಂದ ಹುಡುಕಬೇಕಿತ್ತು. ಹುಡುಕದೆ ಒಬ್ಬನ ಹೆಸರಿಗೆ ಮಸಿ ಬಳಿದುದರಿಂದ ಆ ಹಳ್ಳಿಗೂ ಲಾಭವಾಗಲಿಲ್ಲ, ಲೋಕಕ್ಕೂ ಒಳಿತಾಗಲಿಲ್ಲ; ಒಬ್ಬ ಸಮರ್ಥನ ಐದು ವರ್ಷಗಳು ವ್ಯರ್ಥವಾದವು.

ಮಕ್ಕಳಿಗೆ ಚುಚ್ಚುಮದ್ದು ಹಾಕಿಸಲು ತಾಯಂದಿರು ಆಸ್ಪತ್ರೆಗೆ ಹೋಗುವಾಗ, ಆ ಸಣ್ಣ ನೋವಿನ ಹಿಂದೆ ಇಂತಹ ದೊಡ್ಡ ನೋವುಗಳಿವೆಯೆಂಬುದನ್ನು ನೆನೆದು, ಮನೆಯ ಮಕ್ಕಳಿಗೂ ಈ ಕಥೆಯನ್ನು ಹೇಳಲಿ. ಪರದೇಶದಿಂದ ಬಂದು ನಮ್ಮವರಿಗಾಗಿ ತನ್ನೊಡಲನ್ನು ಒರೆಗೆ ಹಚ್ಚಿದ ಆ ಕಾಯಕಜೀವಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.